ಎರಡು ಅಂತಸ್ತುಗಳ ನಡುವಣ ಗಾಳಿ

ಫ್ರಾನ್ಸ್ ದೇಶದಲ್ಲಿ ಚಳಿಗಾಲದ ಒಂದು ರಾತ್ರಿಯನ್ನು ಊಹಿಸಿಕೊಳ್ಳೋಣ. ಹೊರಗಿನ ಉಷ್ಣತೆ ಸೊನ್ನೆ ಡಿಗ್ರಿ ಸೆಂಟಿಗ್ರೇಡಿಗೆ ಇಳಿದಿದೆ. ಎರಡು ಅಂತಸ್ತಿನ ಮನೆಯೊಂದರಲ್ಲಿ ಕೆಳಗಿನ ಕೋಣೆಯೂ ಮೇಲಿನ ಕೋಣೆಯೂ 20 ಡಿಗ್ರಿಯಷ್ಟು ಬೆಚ್ಚಗಿವೆ. ಹಾಗಿದ್ದಮೇಲೆ ಅವೆರಡರ ನಡುವೆ ಇರುವ ಮಹಡಿಯ ನೆಲವೂ ಬೆಚ್ಚಗಿರಬೇಕಷ್ಟೆ. ಆದರೆ ಮಹಡಿಯಲ್ಲಿ ಗೋಡೆಯ ಅಂಚಿಗೆ ಬರಿಗಾಲಿನಲ್ಲಿ ನಿಂತವನಿಗೆ ನೆಲ ಕೊರೆಯುತ್ತದೆ. ನೆಲವೂ ಗೋಡೆಯೂ ಕೂಡುವ ಸಂದಿಗೆ ಅಂಗೈ ಹಿಡಿದರೆ ತಣ್ಣನೆಯ ಗಾಳಿ ಸೋಕುತ್ತದೆ. ಕಿಟಕಿ ಬಾಗಿಲುಗಳೆಲ್ಲ ಭದ್ರವಾಗಿ ಮುಚ್ಚಿವೆ. ಎರಡು ಬೆಚ್ಚನೆಯ ಕೋಣೆಗಳ ನಡುವೆ ಈ ಗಾಳಿ ಎಲ್ಲಿಂದ ಬಂತು?

ಗಾಳಿ ಬೆಳಕುಗಳು ಯಥೇಚ್ಛವಾಗಿ ಬರುವ ಮನೆಯನ್ನೇ ಒಳ್ಳೆಯ ಮನೆಯೆಂದು ಎಣಿಸುವ ನಮಗೆ ಈ ಪ್ರಶ್ನೆ ವಿಚಿತ್ರವಾಗಿ ತೋರಬಹುದು. ಆದರೆ ವರ್ಷದಲ್ಲಿ ಹಲವು ತಿಂಗಳು ಮನೆಯನ್ನು ಕಾಯಿಸಿಯೇ ಬಾಳಬೇಕಾದ ನಾಡುಗಳಲ್ಲಿ ಇದು ದಿನದಿನದ ಖರ್ಚಿನ ಪ್ರಶ್ನೆ. ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುವವನಿಗಂತೂ ಇದು ಇನ್ನೂ ದೊಡ್ಡ ಪ್ರಶ್ನೆ. ಹಾಗೆ ಕಟ್ಟಿಕೊಳ್ಳುವ ರೂಢಿ ಫ್ರಾನ್ಸಿನಲ್ಲಿ ಇದೆ. ಎರಡನೆಯ ಮಹಾಯುದ್ಧದ ಬಳಿಕ ವಸತಿಯ ಅಭಾವ ತೀವ್ರವಾಗಿದ್ದಾಗ, ಬೋರ್ಡೋ ನಗರದ ಬಳಿಯ ಪೆಸಾಕಿನಲ್ಲಿ ಕೆಲಸಗಾರರು ಒಟ್ಟುಗೂಡಿ, ಹಣಕ್ಕೆ ಬದಲಾಗಿ ತಮ್ಮ ದುಡಿಮೆಯನ್ನೇ ಬಂಡವಾಳವಾಗಿ ಹೂಡಿ, 1948ರಿಂದ 1951ರ ವೇಳೆಗೆ 150 ಮನೆಗಳನ್ನು ಕಟ್ಟಿದರು. ಅವರಿಗೆ ‘ಕಾಸ್ತೋರ್’ ಎಂಬ ಹೆಸರು ಬಂತು. ಕಾಸ್ತೋರ್ ಎಂದರೆ ಬೀವರ್. ಹೊಳೆಗೆ ಅಡ್ಡಲಾಗಿ ತಾನೇ ಒಡ್ಡು ಕಟ್ಟಿ ನೆಲೆಮಾಡಿಕೊಳ್ಳುವ ಪ್ರಾಣಿ. ಇಂದಿಗೂ ಅಲ್ಲಿ ರಜೆಯ ದಿನಗಳಲ್ಲಿ ಕರಣೆ ಹಿಡಿದು ತಮ್ಮ ಗೋಡೆಯನ್ನು ತಾವೇ ಎಬ್ಬಿಸುವವರು ಇದ್ದಾರೆ. ಅಂಥವರ ವರ್ಷಗಳ ಶ್ರಮವೆಲ್ಲ ಒಂದು ಗೇಣಿನಷ್ಟು ಅಗಲದ, ಕಣ್ಣಿಗೆ ಕಾಣದ ಪಟ್ಟಿಯೊಂದರಲ್ಲಿ ಸೋರಿಹೋಗಬಹುದು. ಆ ಪಟ್ಟಿ ಯಾವುದು, ಅಲ್ಲಿ ನಡೆಯುವುದೇನು ಎಂಬುದನ್ನು ವಿಚಾರಿಸೋಣ.

ಬಚ್ಚಲುಮನೆಯ ಪ್ರಯೋಗ

ಮೊದಲು ಸುಲಭವಾದ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಹಂಡೆಯಲ್ಲಿ ನೀರು ಕಾಯ್ದು ಬಚ್ಚಲುಮನೆ ಚೆನ್ನಾಗಿ ಬಿಸಿಯಾಗಿರುವಾಗ ಅದರ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆಯಿರಿ. ಉರಿಯುವ ಮೇಣದ ಬತ್ತಿಯೊಂದನ್ನು ಸಂದಿಯ ಬುಡದಲ್ಲಿ ಹಿಡಿಯಿರಿ. ಜ್ವಾಲೆ ಒಳಗಡೆಗೆ ಬಾಗುತ್ತದೆ. ಅದನ್ನೇ ಸಂದಿಯ ತಲೆಯ ಭಾಗದಲ್ಲಿ ಹಿಡಿದರೆ ಹೊರಗಡೆಗೆ ಬಾಗುತ್ತದೆ. ಎರಡಕ್ಕೂ ನಡುವೆ ಒಂದೆಡೆ ಜ್ವಾಲೆ ಎತ್ತಲೂ ಬಾಗದೆ ನೆಟ್ಟಗೆ ನಿಲ್ಲುತ್ತದೆ. ಬಿಸಿಯಾದ ಹಗುರ ಗಾಳಿ ಮೇಲಿನಿಂದ ಹೊರಬೀಳುತ್ತಿದೆ, ಅದರ ಸ್ಥಾನವನ್ನು ತುಂಬಲು ತಣ್ಣನೆಯ ಭಾರವಾದ ಗಾಳಿ ಕೆಳಗಿನಿಂದ ಒಳನುಗ್ಗುತ್ತಿದೆ ಎಂದು ಇದರಿಂದ ತಿಳಿಯುತ್ತದೆ. ಜ್ವಾಲೆ ನೆಟ್ಟಗೆ ನಿಂತ ಮಟ್ಟದಲ್ಲಿ ಒಳಗಿನ ಮತ್ತು ಹೊರಗಿನ ಒತ್ತಡಗಳು ಸಮವಾಗಿವೆ. ಈ ಮಟ್ಟವನ್ನು ಸಮಒತ್ತಡದ ರೇಖೆ ಎನ್ನೋಣ.

ಚಳಿನಾಡಿನ ಮನೆ ಇಂಥದೇ ಒಂದು ದೊಡ್ಡ ಬಚ್ಚಲುಮನೆ. ಅದರಲ್ಲಿ ಹುಟ್ಟುವ ಒತ್ತಡವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಸೊನ್ನೆ ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ 1.29 ಕಿಲೋಗ್ರಾಂ ತೂಗುತ್ತದೆ. 20 ಡಿಗ್ರಿಯಲ್ಲಿ 1.20 ಕಿಲೋಗ್ರಾಂ. ವ್ಯತ್ಯಾಸ 0.09 ಕಿಲೋಗ್ರಾಂ. ಮನೆಯ ಎತ್ತರ 5 ಮೀಟರ್ ಎಂದರೆ, ಬುಡಕ್ಕೂ ತಲೆಗೂ ನಡುವೆ ಏಳುವ ಒತ್ತಡದ ಅಂತರ 0.09 × 5 × 9.8, ಎಂದರೆ ಸುಮಾರು 4.4 ಪಾಸ್ಕಲ್. ಅರ್ಧ ಮಿಲಿಮೀಟರ್ ಎತ್ತರದ ನೀರು ತನ್ನ ತಳದ ಮೇಲೆ ಹೇರುವ ಒತ್ತಡಕ್ಕಿಂತಲೂ ಇದು ಕಡಮೆ. ಇಷ್ಟು ಅಲ್ಪವಾದ ಬಲ ಏನು ಮಾಡೀತು ಎಂದು ಅಲಕ್ಷ್ಯ ಮಾಡುವಂತಿಲ್ಲ. ಈ ಬಲಕ್ಕೆ ಬಿಡುವೆಂಬುದಿಲ್ಲ. ಚಳಿ ಇರುವಷ್ಟು ದಿನವೂ ಹಗಲಿರುಳೂ ಅದು ದುಡಿಯುತ್ತಲೇ ಇರುತ್ತದೆ.

ಅದರಿಂದ ಆಗುವ ನಷ್ಟವೆಷ್ಟು? ಒಂದು ಘನಮೀಟರ್ ಗಾಳಿಯನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಸುಮಾರು 1,200 ಜೂಲ್ ಶಕ್ತಿ ಬೇಕು. 10 ಮೀಟರ್ ಉದ್ದ, 5 ಮೀಟರ್ ಅಗಲ, 5 ಮೀಟರ್ ಎತ್ತರದ ಮನೆಯಲ್ಲಿ 250 ಘನಮೀಟರ್ ಗಾಳಿಯಿರುತ್ತದೆ. ಗಂಟೆಗೆ ಒಮ್ಮೆ ಈ ಗಾಳಿಯೆಲ್ಲ ಹೊರಟುಹೋಗಿ ಸೊನ್ನೆ ಡಿಗ್ರಿಯ ಗಾಳಿ ತುಂಬಿಕೊಂಡರೆ, ಅದನ್ನು ಮತ್ತೆ 20 ಡಿಗ್ರಿಗೆ ಏರಿಸಲು ಎಡೆಬಿಡದೆ ಸುಮಾರು 1,700 ವಾಟ್ ಬೇಕಾಗುತ್ತದೆ. ಒಂದು ದೊಡ್ಡ ವಿದ್ಯುತ್ ಒಲೆಯನ್ನು ಚಳಿಗಾಲವಿಡೀ ಬೀದಿಯನ್ನು ಕಾಯಿಸಲೆಂದೇ ಉರಿಸಿದಂತಾಯಿತು!

ಗೋಡೆ ಎಲ್ಲಿ ಸೋರುತ್ತದೆ?

ಇಟ್ಟಿಗೆ, ಕಲ್ಲು, ಕಾಂಕ್ರೀಟುಗಳ ಗೋಡೆ ಗಟ್ಟಿಯಾಗಿ ಕಾಣುವುದರಿಂದ ಗಾಳಿ ಅದನ್ನು ಭೇದಿಸಲಾರದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ, ಫ್ರಾನ್ಸಿನಲ್ಲಿ ಹೇರಳವಾಗಿ ಬಳಸುವ ಪೊಳ್ಳು ಕಾಂಕ್ರೀಟ್ ಬ್ಲಾಕು ಸೂಕ್ಷ್ಮ ರಂಧ್ರಗಳಿಂದ ತುಂಬಿದ್ದು. ಬ್ಲಾಕುಗಳ ನಡುವಣ ಗಾರೆಯಲ್ಲೂ, ಅದರಲ್ಲಿಯೂ ಲಂಬವಾದ ಸಂದುಗಳಲ್ಲಿ, ಬಿರುಕುಗಳಿರುತ್ತವೆ. ಬ್ಲಾಕಿನ ಪೊಳ್ಳುಗಳು ಒಂದಕ್ಕೊಂದು ಕೂಡಿಕೊಂಡು ಗೋಡೆಯೊಳಗೆ ಸಣ್ಣ ಸಣ್ಣ ಚಿಮಣಿಗಳಾಗುತ್ತವೆ. ಇಂಥ ಗೋಡೆಯಲ್ಲಿ ಗಾಳಿಯನ್ನು ನಿಜವಾಗಿ ತಡೆಯುವುದು ಅದರ ಮೇಲೆ ಎಡೆಬಿಡದೆ ಬಳಿದ ಗಿಲಾವು. ಒಂದೂವರೆ ಸೆಂಟಿಮೀಟರ್ ದಪ್ಪದ ಈ ಪದರವೇ ಮನೆಯ ವಾಯುಬಂಧ, ಎಂದರೆ ಗಾಳಿಯನ್ನು ನುಸುಳಗೊಡದ ಕಟ್ಟು.

ಈಗ ಕೆಲಸದ ಕ್ರಮವನ್ನು ಗಮನಿಸಿ. ಗೋಡೆ ಮಹಡಿಯ ಮಟ್ಟಕ್ಕೆ ಏರಿದಾಗ ಅದರಲ್ಲಿ ಗೂಡುಗಳನ್ನು ಬಿಟ್ಟು ಮರದ ತೊಲೆಗಳ ತುದಿಗಳನ್ನು ಕೂರಿಸುತ್ತಾರೆ. ಮೇಲೆ ಹಲಗೆಯ ನೆಲ, ಕೆಳಗೆ ಜಿಪ್ಸಮ್ ಹಲಗೆಯ ಸೀಲಿಂಗು. ಗಿಲಾವು ಮಾಡುವವನು ಕೆಳಗಿನ ಕೋಣೆಯಲ್ಲಿ ಸೀಲಿಂಗಿನವರೆಗೆ ಬಳಿದು ನಿಲ್ಲಿಸುತ್ತಾನೆ. ಮೇಲಿನ ಕೋಣೆಯಲ್ಲಿ ನೆಲದಿಂದ ಮತ್ತೆ ಆರಂಭಿಸುತ್ತಾನೆ. ಸೀಲಿಂಗಿಗೂ ನೆಲಕ್ಕೂ ನಡುವೆ, ತೊಲೆಗಳ ಎತ್ತರದಷ್ಟು ಅಗಲದ ಪಟ್ಟಿಯೊಂದು ಮನೆಯ ಸುತ್ತಲೂ ಬರಿಯ ಗೋಡೆಯಾಗಿಯೇ ಉಳಿಯುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ಯಾರಿಗೂ ಅದರ ನೆನಪಾಗುವುದಿಲ್ಲ. ಗಾಳಿಗೆ ಮಾತ್ರ ಅದರ ನೆನಪು ಚೆನ್ನಾಗಿರುತ್ತದೆ.

ತೊಲೆಯ ತುದಿಗಳದು ಮತ್ತೊಂದು ಕಥೆ. ಹೊಸ ಮರ ಒಣಗಿದಂತೆ ಕುಗ್ಗುತ್ತದೆ. ಸುತ್ತ ತುಂಬಿದ ಗಾರೆ ಕುಗ್ಗಿದ ಮರವನ್ನು ಹಿಂಬಾಲಿಸಲಾರದು. ಆದ್ದರಿಂದ ಪ್ರತಿ ತುದಿಯ ಸುತ್ತಲೂ ಕೂದಲೆಳೆಯಂಥ ಸಂದಿ ಬಿಡುತ್ತದೆ. ನಮ್ಮ ಉದಾಹರಣೆಯ ಮನೆಯಲ್ಲಿ 40 ಸೆಂಟಿಮೀಟರಿಗೆ ಒಂದರಂತೆ ತೊಲೆಗಳನ್ನಿಟ್ಟರೆ ಸುಮಾರು 50 ತುದಿಗಳಾಗುತ್ತವೆ. ಒಂದೊಂದರ ಮೇಲುಗಡೆ ಮತ್ತು ಎರಡು ಪಕ್ಕಗಳ ಅಳತೆ ಕೂಡಿದರೆ 50 ಸೆಂಟಿಮೀಟರ್. ಸಂದಿ ಕೇವಲ ಒಂದು ಮಿಲಿಮೀಟರ್ ಎಂದುಕೊಂಡರೂ ಒಟ್ಟು ತೆರಪು 250 ಚದರ ಸೆಂಟಿಮೀಟರ್.

ಇದು ಹೆಚ್ಚೋ ಕಡಮೆಯೋ? ಫ್ರಾನ್ಸಿನ ಕಟ್ಟಡ ನಿಯಮ ಇದಕ್ಕೆ ಉತ್ತರ ಕೊಡುತ್ತದೆ. 2013ರ ಜನವರಿ 1ರಿಂದ ಅನುಮತಿ ಕೇಳಿದ ಹೊಸ ಮನೆಗಳಿಗೆಲ್ಲ ಅಲ್ಲಿ ಗಾಳಿಯ ಸೋರಿಕೆಗೆ ಮಿತಿ ಉಂಟು. ಒಳಗೂ ಹೊರಗೂ 4 ಪಾಸ್ಕಲ್ ಅಂತರವಿರುವಾಗ, ಹೊರಮೈಯ ಪ್ರತಿ ಚದರ ಮೀಟರಿಗೆ ಗಂಟೆಗೆ 0.6 ಘನಮೀಟರಿಗಿಂತ ಹೆಚ್ಚು ಗಾಳಿ ಸೋರಕೂಡದು. 2022ರಲ್ಲಿ ಜಾರಿಗೆ ಬಂದ ಹೊಸ ನಿಯಮವೂ ಈ ಮಿತಿಯನ್ನು ಉಳಿಸಿಕೊಂಡಿದೆ. ನಾವು ಮೇಲೆ ಲೆಕ್ಕ ಹಾಕಿದ ಒತ್ತಡವೂ ಹೆಚ್ಚುಕಡಮೆ ಇಷ್ಟೇ ಎಂಬುದನ್ನು ನೆನೆಯಿರಿ. ನಮ್ಮ ಮನೆಯ ಗೋಡೆಗಳು 150, ಛಾವಣಿ 50, ಕೂಡಿ 200 ಚದರ ಮೀಟರ್. ಬುಡದ ನೆಲ ಈ ಲೆಕ್ಕಕ್ಕೆ ಸೇರುವುದಿಲ್ಲ. ಅನುಮತಿಯಿರುವ ಸೋರಿಕೆ ಗಂಟೆಗೆ 120 ಘನಮೀಟರ್. ಇಷ್ಟು ಗಾಳಿಯನ್ನು ಈ ಒತ್ತಡದಲ್ಲಿ ಬಿಡಲು ಸುಮಾರು 215 ಚದರ ಸೆಂಟಿಮೀಟರಿನ ಒಂದು ರಂಧ್ರ ಸಾಕು; ಎಂದರೆ ಉದ್ದಗಲಗಳೆರಡೂ 15 ಸೆಂಟಿಮೀಟರಿಗೆ ತುಸು ಕಡಮೆಯಿರುವ ಒಂದು ಚೌಕ. ಇಡೀ ಮನೆಯ ಕಿಟಕಿ, ಬಾಗಿಲು, ಛಾವಣಿ, ಕೊಳವೆಗಳ ಸೋರಿಕೆಯೆಲ್ಲ ಸೇರಿ ಇಷ್ಟರೊಳಗೆ ಇರಬೇಕು. ತೊಲೆಯ ತುದಿಗಳ ಸಂದಿಗಳಷ್ಟೇ ಅದನ್ನು ಮೀರಿಸುತ್ತವೆ! ಸಣ್ಣ ಬಿರುಕು ಅದೇ ವಿಸ್ತೀರ್ಣದ ತೆರೆದ ರಂಧ್ರಕ್ಕಿಂತ ಕಡಮೆ ಗಾಳಿಯನ್ನು ಬಿಡುತ್ತದೆ, ಎಲ್ಲ ಸಂದಿಗಳೂ ಹೊರಗಿನವರೆಗೆ ತೂರಿರುವುದೂ ಇಲ್ಲ, ನಿಜ. ಆದರೂ ಅಪಾಯದ ಗಾತ್ರ ಇದರಿಂದ ಸ್ಪಷ್ಟವಾಗುತ್ತದೆ.

ಒಂದು ಆಕ್ಷೇಪ

ಇಲ್ಲಿ ಜಾಣ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಬಚ್ಚಲುಮನೆಯ ಬಾಗಿಲಿನ ನಡುವೆ ಜ್ವಾಲೆ ನೆಟ್ಟಗೆ ನಿಂತಿತಲ್ಲ. ಮಹಡಿಯ ನೆಲವೂ ಮನೆಯ ಎತ್ತರದ ನಡುಭಾಗದಲ್ಲೇ ಇದೆ. ಹಾಗಾದರೆ ಅಲ್ಲಿ ಒತ್ತಡದ ಅಂತರವೂ ಇಲ್ಲ, ಗಾಳಿಯೂ ಚಲಿಸಬಾರದು, ಅಲ್ಲವೆ?

ಆಕ್ಷೇಪ ಸಮಂಜಸವಾದುದೇ. ಆದರೆ ಸಮಒತ್ತಡದ ರೇಖೆ ಸರಿಯಾಗಿ ನಡುವೆ ನಿಲ್ಲುವುದು ಸಂದುಗಳು ಮೇಲೆ ಕೆಳಗೆ ಸಮವಾಗಿ ಹಂಚಿದ್ದಾಗ ಮಾತ್ರ. ಛಾವಣಿಯಲ್ಲಿ ಸೋರಿಕೆ ಹೆಚ್ಚಿದ್ದರೆ ರೇಖೆ ಮೇಲಕ್ಕೇರುತ್ತದೆ. ಆಗ ಮಹಡಿಯ ನೆಲ ಗಾಳಿಯನ್ನು ಒಳಗೆಳೆಯುವ ಭಾಗಕ್ಕೆ ಸೇರುತ್ತದೆ. ಅಡಿಗೆಮನೆ, ಸ್ನಾನದ ಮನೆಗಳಿಂದ ಗಾಳಿಯನ್ನು ಹೊರದೂಡುವ ಪಂಖವೂ ಮನೆಯೊಳಗಿನ ಒತ್ತಡವನ್ನು ತಗ್ಗಿಸಿ ಇದಕ್ಕೆ ನೆರವಾಗುತ್ತದೆ. ಎಲ್ಲಕ್ಕಿಂತ ಪ್ರಬಲವಾದುದು ಹೊರಗಿನ ಬೀಸುಗಾಳಿ. ಸೆಕೆಂಡಿಗೆ 5 ಮೀಟರ್ ವೇಗದ ಸಾಧಾರಣ ಗಾಳಿ ಅಡ್ಡ ಬಂದುದನ್ನು ಸುಮಾರು 15 ಪಾಸ್ಕಲ್ ಬಲದಿಂದ ಒತ್ತಬಲ್ಲದು. ಬಿಸಿಗಾಳಿಯ ಒತ್ತಡದ ಮೂರುಪಟ್ಟಿಗೂ ಹೆಚ್ಚು. ಸೀಲಿಂಗಿಗೂ ನೆಲಕ್ಕೂ ನಡುವಣ ಟೊಳ್ಳು ಒಂದು ಗೋಡೆಯಿಂದ ಎದುರು ಗೋಡೆಯವರೆಗೆ ಹಬ್ಬಿದ ಓಣಿ. ಗಾಳಿ ಎದುರಿನ ಗೋಡೆಯ ಬಿರುಕುಗಳಲ್ಲಿ ಹೊಕ್ಕು, ಓಣಿಯುದ್ದಕ್ಕೂ ಹರಿದು, ಮರೆಯ ಗೋಡೆಯಲ್ಲಿ ಹೊರಬೀಳುತ್ತದೆ. ಹೀಗೆ ಎರಡು ಬೆಚ್ಚನೆಯ ಕೋಣೆಗಳ ನಡುವೆ ಹೊರಗಿನ ಚಳಿಯೇ ಹಾದುಹೋಗುತ್ತದೆ. ಲೇಖನದ ಮೊದಲಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಕೆಳಗಿನ ಕೋಣೆಯ ಸೀಲಿಂಗೂ ಮೇಲಿನ ಕೋಣೆಯ ನೆಲವೂ ಈ ಗಾಳಿಗೆ ತಮ್ಮ ಶಾಖವನ್ನು ಒಪ್ಪಿಸುತ್ತವೆ. ಗೋಡೆಗೆ ಎಷ್ಟೇ ದಪ್ಪನಾದ ಉಷ್ಣನಿರೋಧಕ ಪದರವನ್ನು ಹೊದಿಸಿದ್ದರೂ ಅದರಿಂದ ಇಲ್ಲಿ ಉಪಯೋಗವಿಲ್ಲ. ಚಳಿ ಅದನ್ನು ದಾಟಿ ಬಂದಿಲ್ಲ, ಬಳಸಿ ಬಂದಿದೆ.

ಎರಡು ಬೆಚ್ಚನೆಯ ಜಾಗಗಳ ನಡುವೆ ಶಾಖ ನಷ್ಟವಾಗದೆಂಬ ಭ್ರಮೆ ತಜ್ಞರನ್ನೂ ಬಿಟ್ಟಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು 1970ರ ದಶಕದಲ್ಲಿ ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಎಂಬಲ್ಲಿಯ ಸಾಲುಮನೆಗಳನ್ನು ಪರೀಕ್ಷಿಸಿದಾಗ, ಛಾವಣಿಯ ಮೂಲಕ ನಷ್ಟವಾಗುತ್ತಿದ್ದ ಶಾಖ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು. ಮನೆಮನೆಗಳ ನಡುವಣ ಪೊಳ್ಳು ಬ್ಲಾಕಿನ ಗೋಡೆಯೊಳಗೆ ಬಿಸಿಗಾಳಿ ಏರಿ ಅಟ್ಟವನ್ನು ಸೇರುತ್ತಿತ್ತು. ಇಂಗ್ಲೆಂಡಿನ ಆಲ್ಟ್ರಿಂಚಮ್ ಬಳಿಯ ಸ್ಟ್ಯಾಮ್‌ಫರ್ಡ್ ಬ್ರೂಕಿನಲ್ಲಿ 2000ದ ದಶಕದಲ್ಲಿ ಲೀಡ್ಸಿನ ಸಂಶೋಧಕರು ಇದನ್ನೇ ಮತ್ತೆ ಕಂಡರು. ಎರಡು ಮನೆಗಳ ನಡುವಣ ಜೋಡುಗೋಡೆಯ ಟೊಳ್ಳಿನಲ್ಲಿ ಶಾಖನಷ್ಟ ಸೊನ್ನೆಯೆಂದು ಅಂದಿನವರೆಗೆ ಲೆಕ್ಕದಲ್ಲಿ ಬರೆಯುತ್ತಿದ್ದರು. ಅಳೆದು ನೋಡಿದಾಗ ಅದು ಗಣನೀಯವಾಗಿತ್ತು. 2010ರ ನಿಯಮದಲ್ಲಿ ಆ ಸೊನ್ನೆಯನ್ನು ತಿದ್ದಬೇಕಾಯಿತು.

ತೇವದ ಕಾಟ

ನಷ್ಟ ಶಾಖಕ್ಕೆ ಮಾತ್ರ ಸೀಮಿತವಲ್ಲ. 20 ಡಿಗ್ರಿಯಲ್ಲಿದ್ದು ಅರ್ಧದಷ್ಟು ಆರ್ದ್ರತೆಯುಳ್ಳ ಗಾಳಿಯ ಪ್ರತಿ ಘನಮೀಟರಿನಲ್ಲಿ ಎಂಟು ಗ್ರಾಮಿಗೂ ಹೆಚ್ಚು ನೀರಾವಿ ಇರುತ್ತದೆ. ಈ ಗಾಳಿ ಸುಮಾರು 9 ಡಿಗ್ರಿಗೆ ತಣಿದರೆ ಸಾಕು, ಆವಿ ಇಬ್ಬನಿಯಾಗಿ ಕೂರತೊಡಗುತ್ತದೆ. ಮನೆಯ ಬಿಸಿಗಾಳಿ ತೊಲೆಯ ಸುತ್ತಣ ಸಂದಿಯಲ್ಲಿ ನುಸುಳಿ ಹೊರಡುವಾಗ ಗೋಡೆಯ ತಣ್ಣನೆಯ ಭಾಗವನ್ನು ಮುಟ್ಟುತ್ತದೆ. ಅಲ್ಲಿ ತನ್ನ ನೀರನ್ನು ಇಳಿಸಿ ಹೋಗುತ್ತದೆ. ಮನೆಯ ಭಾರವನ್ನು ಹೊತ್ತ ತೊಲೆಯ ತುದಿ ಪ್ರತಿ ಚಳಿಗಾಲವೂ ಒದ್ದೆಯಾಗಿ, ಬೂಷ್ಟು ಹಿಡಿದು, ಕೊಳೆಯತೊಡಗಿದರೆ ಅದು ಮನೆಯವರಿಗೆ ತಿಳಿಯುವುದು ಬಹಳ ತಡವಾಗಿ.

ಕೆಳಗಿನ ಶಾಖ ಮೇಲಕ್ಕೆ ಸಾಕೆ?

ಕೆಳಗೆ ಒಲೆಯಿದ್ದರೆ ಮಹಡಿ ತಾನಾಗಿ ಬೆಚ್ಚಗಾಗುವುದೆಂದು ಹಲವರು ನಂಬುತ್ತಾರೆ. ಮೇಲಕ್ಕೇರುವುದು ಬಿಸಿಗಾಳಿ, ಶಾಖವಾದರೋ ಬಿಸಿಯಿಂದ ತಂಪಿನ ಕಡೆಗೆ, ಯಾವ ದಿಕ್ಕಿಗಾದರೂ ಹರಿಯುತ್ತದೆ. ಅಂತಸ್ತುಗಳ ನಡುವೆ ಅದಕ್ಕೆ ಎರಡು ಮುಖ್ಯ ದಾರಿಗಳು. ಮೊದಲನೆಯದು ಮೆಟ್ಟಿಲಿನ ತೆರಪು: ಅಲ್ಲಿ ಬಿಸಿಗಾಳಿ ಏರುತ್ತದೆ, ತಣಿದ ಗಾಳಿ ಮೆಟ್ಟಿಲುಗಳ ಮೇಲೆಯೇ ಜಾರಿ ಇಳಿಯುತ್ತದೆ. ಮಲಗುವ ಕೋಣೆಯ ಬಾಗಿಲು ಮುಚ್ಚಿದರೆ ಈ ದಾರಿ ಬಹುಮಟ್ಟಿಗೆ ಕಡಿಯುತ್ತದೆ.

ಎರಡನೆಯದು ನೆಲವೇ. 20 ಸೆಂಟಿಮೀಟರ್ ದಪ್ಪದ ಗಟ್ಟಿ ಕಾಂಕ್ರೀಟು ಒಂದು ಡಿಗ್ರಿ ಅಂತರಕ್ಕೆ ಚದರ ಮೀಟರಿಗೆ ಸುಮಾರು 3 ವಾಟ್ ಶಾಖವನ್ನು ದಾಟಿಸುತ್ತದೆ. ಮಹಡಿ 3 ಡಿಗ್ರಿ ತಂಪಾಗಿದ್ದರೆ 50 ಚದರ ಮೀಟರಿನ ನೆಲದ ಮೂಲಕ ಸುಮಾರು 450 ವಾಟ್ ಏರಿಬರುತ್ತದೆ. ಚೆನ್ನಾಗಿ ಹೊದಿಸಿ ಬಿಗಿಮಾಡಿದ ಸಣ್ಣ ಮನೆಗೆ ಇದು ಅಲ್ಪ ಸಹಾಯವೇನಲ್ಲ. ಸದ್ದು ತಡೆಯಲೆಂದು ತೊಲೆಗಳ ನಡುವೆ 10 ಸೆಂಟಿಮೀಟರ್ ಖನಿಜದ ಉಣ್ಣೆಯನ್ನು ತುಂಬಿದ ಮರದ ನೆಲದ ಮೂಲಕವಾದರೆ ಏರುವುದು ಸುಮಾರು 50 ವಾಟ್ ಮಾತ್ರ. ಅಂಥ ಮನೆಯಲ್ಲಿ ಮಹಡಿಗೆ ಬೇರೆ ಶಾಖದ ಏರ್ಪಾಡು ಬೇಕೆಂಬುದನ್ನು ಮೊದಲೇ ಯೋಚಿಸಬೇಕು. ನೆಲದೊಳಗೆ ಬಿಸಿನೀರಿನ ಕೊಳವೆಗಳನ್ನು ಹಾಯಿಸುವುದಾದರೆ, ಅವುಗಳ ಕೆಳಗೆ ನಿರೋಧಕ ಪದರವನ್ನು ಹಾಸಬೇಕು. ಇಲ್ಲದಿದ್ದರೆ ಮೇಲಿನವರಿಗೆಂದು ಕಾಯಿಸಿದ ನೀರು ಕೆಳಗಿನವರ ಸೀಲಿಂಗನ್ನೂ ಕಾಯಿಸುತ್ತದೆ. ಆ ಕೊಳವೆಗಳ ಅಡಿಯ ಟೊಳ್ಳಿನಲ್ಲಿ ಹೊರಗಿನ ಗಾಳಿ ಆಡುತ್ತಿದ್ದರೆ ಖರ್ಚಿಗೆ ಮಿತಿಯೇ ಇರದು.

ಕಾಂಕ್ರೀಟು ನೆಲಕ್ಕೆ ಅದರದೇ ಆದ ಒಂದು ದೋಷವುಂಟು. ಫ್ರಾನ್ಸಿನಲ್ಲಿ ನಿರೋಧಕ ಪದರವನ್ನು ಸಾಮಾನ್ಯವಾಗಿ ಗೋಡೆಯ ಒಳಮೈಗೆ ಹೊದಿಸುತ್ತಾರೆ. ನೆಲದ ಅಂಚು ಈ ಪದರವನ್ನು ಸೀಳಿಕೊಂಡು ಹೊರಗೋಡೆಯನ್ನು ಮುಟ್ಟುತ್ತದೆ. ಶಾಖ ಅದರ ಮೇಲೆ ಸೇತುವೆಯ ಮೇಲೆ ನಡೆದಂತೆ ಹೊರಗೆ ನಡೆಯುತ್ತದೆ. ಈ ಕೂಡಿಕೆಯಲ್ಲಿ ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿಗೆ 0.6 ವಾಟಿಗಿಂತ ಹೆಚ್ಚು ಸಾಗಬಾರದೆಂದು 2013ರಿಂದ ಜಾರಿಗೆ ಬಂದ ನಿಯಮ ವಿಧಿಸಿತು. ನಮ್ಮ ಮನೆಯ ಸುತ್ತಳತೆ 30 ಮೀಟರ್. ಆ ಮಿತಿಯಲ್ಲೇ ಇದ್ದರೂ 20 ಡಿಗ್ರಿ ಅಂತರದಲ್ಲಿ 360 ವಾಟ್ ಅಲ್ಲಿ ಕಳೆಯುತ್ತದೆ. ನೆಲದ ಅಂಚಿನಲ್ಲಿ ನಿರೋಧಕ ತುಂಡುಗಳನ್ನಿಟ್ಟು, ಇಲ್ಲವೆ ಇಡೀ ಗೋಡೆಗೆ ಹೊರಗಡೆಯಿಂದ ಹೊದಿಕೆ ಹೊದಿಸಿ ಈ ಸೇತುವೆಯನ್ನು ಮುರಿಯಬೇಕು.

ಸಮಯಕ್ಕೆ ಸರಿಯಾದ ಕೆಲಸ

ಪರಿಹಾರಗಳು ಸರಳವಾಗಿವೆ, ಕಷ್ಟವಿರುವುದು ಅವುಗಳ ಸಮಯದಲ್ಲಿ. ತೊಲೆಗಳನ್ನು ಕೂರಿಸುವ ಮೊದಲೇ ಆ ಮರೆಯಾಗುವ ಪಟ್ಟಿಗೆ ಗಿಲಾವು ಬಳಿದು, ಮುಂದೆ ಮೇಲಿನ ಕೆಳಗಿನ ಗಿಲಾವು ಅದಕ್ಕೆ ಕೂಡಿಕೊಳ್ಳುವಂತೆ ಬಿಡಬೇಕು. ತೊಲೆಗಳನ್ನು ಗೋಡೆಯೊಳಗೆ ತೂರಿಸದೆ, ಗಿಲಾವು ಮಾಡಿದ ಗೋಡೆಗೆ ಬಿಗಿದ ಲೋಹದ ಕೊಂಡಿಗಳಲ್ಲಿ ಕೂರಿಸುವುದು ಇನ್ನೂ ಉತ್ತಮ. ತೂರಿಸಲೇಬೇಕಾದರೆ, ಮರ ಕುಗ್ಗಿದಾಗಲೂ ಹರಿಯದಂಥ ಅಂಟುಪಟ್ಟಿಯನ್ನು ಪ್ರತಿ ತುದಿಗೂ ಸುತ್ತಬೇಕು. ತಂತಿಗಳೂ ಕೊಳವೆಗಳೂ ಹಾಯುವ ರಂಧ್ರಗಳನ್ನು ಮುಚ್ಚಬೇಕು. ಗೋಡೆಗೆ ಅಲ್ಲಲ್ಲಿ ಅಂಟು ಮೆತ್ತಿ ನಿಲ್ಲಿಸಿದ ಜಿಪ್ಸಮ್ ಹಲಗೆ ಗಿಲಾವಿಗೆ ಬದಲಾಗಲಾರದು. ಅದರ ಹಿಂದಣ ತೆರಪು ಮಹಡಿಯ ಟೊಳ್ಳಿಗೆ ಕೂಡಿಕೊಂಡು, ಮನೆಯ ಒಳಗಿನ ಗೋಡೆಯ ವಿದ್ಯುತ್ ಸಾಕೆಟ್ಟಿನಿಂದಲೂ ತಂಗಾಳಿ ಬೀಸತೊಡಗುತ್ತದೆ.

ಅನಂತರ ಪರೀಕ್ಷೆ. ಹೊರಬಾಗಿಲಿನ ಚೌಕಟ್ಟಿಗೆ ಪಂಖವೊಂದನ್ನು ಬಿಗಿದು ಮನೆಯ ಗಾಳಿಯನ್ನು ಹೊರಗೆಳೆಯುತ್ತಾರೆ. ಒತ್ತಡದ ಅಂತರವನ್ನು ಹಲವು ಹಂತಗಳಲ್ಲಿ 50 ಪಾಸ್ಕಲಿನ ಸುತ್ತಮುತ್ತಲವರೆಗೆ ಏರಿಸಿ, ಪ್ರತಿ ಹಂತದಲ್ಲೂ ಪಂಖದ ಮೂಲಕ ಹಾಯ್ದ ಗಾಳಿಯನ್ನು ಅಳೆದು, 4 ಪಾಸ್ಕಲಿನ ಸೋರಿಕೆಯನ್ನು ಲೆಕ್ಕದಿಂದ ಪಡೆಯುತ್ತಾರೆ. ಪಂಖ ತಿರುಗುತ್ತಿರುವಾಗ ಹೊಗೆಯ ಎಳೆಯೊಂದನ್ನು ಸಂದಿಗಳ ಬಳಿ ಹಿಡಿದರೆ ಸೋರುವ ಸ್ಥಳ ತಾನೇ ಬಯಲಾಗುತ್ತದೆ. ಮನೆ ಮುಗಿದ ಮೇಲಿನ ಪರೀಕ್ಷೆ ತಪ್ಪನ್ನು ತೋರಿಸಬಲ್ಲದು, ತಿದ್ದಲಾರದು. ನೆಲವನ್ನು ಕೀಳದೆ ಆ ಪಟ್ಟಿ ಕೈಗೆ ಎಟಕುವುದಿಲ್ಲ. ಆದ್ದರಿಂದ ಬುದ್ಧಿವಂತನಾದವನು ಸೀಲಿಂಗು ಮುಚ್ಚುವ ಮುನ್ನವೇ ಒಮ್ಮೆ ಪರೀಕ್ಷೆ ಮಾಡಿಸುತ್ತಾನೆ.

ಹೀಗೆ ಬಿಗಿಮಾಡಿದ ಮನೆಯಲ್ಲಿ ಉಸಿರಾಟಕ್ಕೆ ಗಾಳಿ ಬೇಡವೇ? ಖಂಡಿತ ಬೇಕು. ಆದರೆ ಅದು ಬಿರುಕಿನಿಂದ ಮನಬಂದಂತೆ ಬರುವ ಗಾಳಿಯಾಗಬಾರದು. ಬೇಕಾದ ಕಡೆಯಲ್ಲಿ, ಬೇಕಾದಷ್ಟು ಬರುವ ಗಾಳಿಯಾಗಬೇಕು. ಇಡೀ ಮನೆಗೆ ಸದಾ ಗಾಳಿಯಾಡುವ ಏರ್ಪಾಡಿರಬೇಕೆಂದು ಫ್ರಾನ್ಸಿನಲ್ಲಿ 1969ರಲ್ಲೇ ನಿಯಮವಾಯಿತು. ಸೌದೆಯ ಒಲೆಯಿದ್ದರೆ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಬಿಗಿಯಾದ ಮನೆಯಲ್ಲಿ ಒಲೆಗೆ ಗಾಳಿ ಸಾಲದೆ, ಪಂಖದ ಸೆಳೆತಕ್ಕೆ ಹೊಗೆ ಚಿಮಣಿಯಿಂದ ಹಿಂದಿರುಗಿದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು. ಅಂಥ ಒಲೆಗೆ ಹೊರಗಿನಿಂದ ನೇರವಾಗಿ ಗಾಳಿ ತರುವ ಪ್ರತ್ಯೇಕ ಕೊಳವೆ ಇರತಕ್ಕದ್ದು.

ಮನೆ ಕಟ್ಟುವವನು ಗೋಡೆ ನೆಟ್ಟಗಿದೆಯೇ ಎಂದು ತೂಕದ ಗುಂಡನ್ನು ಇಳಿಬಿಟ್ಟು ನೋಡುತ್ತಾನೆ, ನೆಲ ಸಮವಾಗಿದೆಯೇ ಎಂದು ಮಟ್ಟವಿಟ್ಟು ನೋಡುತ್ತಾನೆ. ಇವೆರಡೂ ಕಣ್ಣಿಗೆ ಕಾಣುವ ತಪ್ಪುಗಳನ್ನು ಹಿಡಿಯುತ್ತವೆ. ಕಾಣದ ತಪ್ಪನ್ನು ಹಿಡಿಯಬೇಕಾದರೆ ಗಾಳಿಯ ದಾರಿಯನ್ನು ಮನಸ್ಸಿನಲ್ಲೇ ನಡೆದು ನೋಡಬೇಕು: ಇದು ಎಲ್ಲಿ ಹೊಕ್ಕೀತು, ಎಲ್ಲಿ ಹೊರಟೀತು ಎಂದು. ಬಚ್ಚಲುಮನೆಯ ಬಾಗಿಲಲ್ಲಿ ಬಾಗಿದ ಆ ಪುಟ್ಟ ಜ್ವಾಲೆ ಕಲಿಸುವ ಪಾಠ ಇದೇ.